ಪಿಂಕ್ ಫ್ಲಾಯ್ಡ್ ಬೆಳೆದದ್ದು, ಒಡೆದದ್ದು, ಮತ್ತೆ ಕೂಡಿದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಹೆಸರು ಎತ್ತಿದರೆ ಸಾಕು, ಕೇಳುಗರು ಎರಡು ಪಕ್ಷವಾಗುತ್ತಾರೆ. ಒಂದು ರೋಜರ್ ವಾಟರ್ಸ್ ಪಕ್ಷ, ಇನ್ನೊಂದು ಡೇವಿಡ್ ಗಿಲ್ಮೋರ್ ಪಕ್ಷ. ನಾನು ಮೂರನೆಯ ಕಡೆಯವನು. ಕೀಬೋರ್ಡಿನ ಹಿಂದೆ ಸದ್ದಿಲ್ಲದೆ ಕೂತಿದ್ದ ರಿಕ್ ರೈಟ್ ಅವರಿಗೆ ಯಾವಾಗ ಏನಾಯಿತು ಎಂದು ನೋಡುತ್ತ ಹೋದರೆ ಈ ಬ್ಯಾಂಡಿನ ಇಡೀ ಕಥೆ ಬಿಡಿಸಿಕೊಳ್ಳುತ್ತದೆ ಎಂದು ನಂಬಿದವನು. ಉತ್ತರಗಳಲ್ಲಿ ಆ ಒಲವು ಕಂಡರೆ ಅದು ಬೇಕೆಂದೇ ಬಂದದ್ದು.

ಬ್ಯಾಂಡಿನಲ್ಲಿ ಯಾರ್ಯಾರು ಇದ್ದರು? ಎಲ್ಲಿ ಶುರುವಾಯಿತು?

ಒಟ್ಟು ಐದು ಜನ. ಐವರೂ ಒಟ್ಟಿಗೆ ಇದ್ದದ್ದು ಮಾತ್ರ 1968ರ ಆರಂಭದ ಕೆಲವೇ ವಾರ. ರೋಜರ್ ವಾಟರ್ಸ್ (ಬೇಸ್ ಗಿಟಾರ್), ನಿಕ್ ಮೇಸನ್ (ಡ್ರಮ್ಸ್), ರಿಕ್ ರೈಟ್ (ಕೀಬೋರ್ಡ್) ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದಲು ಬಂದು, 1962ರಲ್ಲಿ ಪರಿಚಯವಾದವರು. ವಾಟರ್ಸ್ ಬೆಳೆದದ್ದು ಕೇಂಬ್ರಿಜ್‌ನಲ್ಲಿ. ಅದೇ ಊರಿನ ಸಿಡ್ ಬ್ಯಾರೆಟ್ ಚಿತ್ರಕಲೆ ಕಲಿಯಲು 1964ರಲ್ಲಿ ಲಂಡನ್ನಿಗೆ ಬಂದು ಇವರ ಜೊತೆ ಸೇರಿದರು. ಹಾಡು ಬರೆಯುವವರು, ಹಾಡುವವರು, ಗಿಟಾರ್ ಹಿಡಿದು ಮುಂದೆ ನಿಲ್ಲುವವರು ಎಲ್ಲವೂ ಆಗ ಸಿಡ್ ಅವರೇ. ಐದನೆಯವರು ಡೇವಿಡ್ ಗಿಲ್ಮೋರ್. ಅವರೂ ಕೇಂಬ್ರಿಜ್‌ನವರು, ಸಿಡ್ ಅವರ ಹಳೆಯ ಗೆಳೆಯ.

ಆ ಹೆಸರು ಎಲ್ಲಿಂದ ಬಂತು?

ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕನ್ ಬ್ಲೂಸ್ ಗಾಯಕರ ಹೆಸರುಗಳನ್ನು ಸಿಡ್ ಜೋಡಿಸಿದರು. ಅದಕ್ಕೆ ಮೊದಲು ಅವರು 'ಟೀ ಸೆಟ್' ಎಂದು ಕರೆದುಕೊಳ್ಳುತ್ತಿದ್ದರು. ಅದೇ ಹೆಸರಿನ ಇನ್ನೊಂದು ತಂಡ ಅದೇ ಕಾರ್ಯಕ್ರಮಕ್ಕೆ ಬಂದಾಗ ಹೊಸ ಹೆಸರು ಬೇಕಾಯಿತು.

ಸಿಡ್ ಬ್ಯಾರೆಟ್‌ಗೆ ಏನಾಯಿತು?

1966ರ ಕೊನೆಗೆ ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಯುಎಫ್‌ಒ ಕ್ಲಬ್‌ನಲ್ಲಿ ಇವರು ನುಡಿಸತೊಡಗಿದರು. ಮೈಮೇಲೆ ಬಣ್ಣದ ಬೆಳಕು ಹರಿಯುತ್ತಿದ್ದರೆ ಒಂದೊಂದು ಹಾಡನ್ನೂ ಎಳೆದು ಎಳೆದು ಬೆಳೆಸುತ್ತಿದ್ದರು. 1967ರಲ್ಲಿ ಇಎಂಐ ಕಂಪನಿ ಒಪ್ಪಂದ ಮಾಡಿಕೊಂಡಿತು. 'ಸೀ ಎಮಿಲಿ ಪ್ಲೇ' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು. ಆಗಸ್ಟ್‌ನಲ್ಲಿ ಮೊದಲ ಆಲ್ಬಮ್ ಬಂತು. ಅದೇ ವರ್ಷದ ಕೊನೆಗೆ ಸಿಡ್ ಕೈಗೆ ಸಿಗದಂತಾದರು. ವೇದಿಕೆಯ ಮೇಲೆ ಸುಮ್ಮನೆ ನಿಂತುಬಿಡುವುದು, ಒಂದೇ ಸ್ವರವನ್ನು ಮೀಟುತ್ತ ಇರುವುದು, ಮಾತಾಡಿಸಿದರೆ ಉತ್ತರವಿಲ್ಲದಿರುವುದು ಹೆಚ್ಚಾಯಿತು. ಎಲ್‌ಎಸ್‌ಡಿ ಎಂಬ ಮಾದಕ ವಸ್ತುವಿನ ಸೇವನೆ ಇತ್ತು, ಮನಸ್ಸಿನ ಕಾಯಿಲೆಯೂ ಇದ್ದಿರಬಹುದು. ಹೆಸರಿಡಲು ವೈದ್ಯರಲ್ಲದ ನಮಗೆ ಅಧಿಕಾರವಿಲ್ಲ.

ಅವರಿಗೆ ಆಸರೆಯಾಗಲಿ ಎಂದು ಗಿಲ್ಮೋರ್ ಅವರನ್ನು ಕರೆತಂದರು. ಸಿಡ್ ಮನೆಯಲ್ಲಿದ್ದು ಹಾಡು ಬರೆದುಕೊಡಲಿ ಎಂಬ ಆಲೋಚನೆಯೂ ಇತ್ತು. 1968ರ ಜನವರಿಯಲ್ಲಿ ಸೌತಾಂಪ್ಟನ್ನಿನ ಕಾರ್ಯಕ್ರಮಕ್ಕೆ ಹೊರಟಿದ್ದಾಗ, ಸಿಡ್ ಅವರನ್ನು ಹತ್ತಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಬಂತು. ಬೇಡ ಎಂದುಕೊಂಡು ಮುಂದೆ ಹೋದರು. ಏಪ್ರಿಲ್‌ನಲ್ಲಿ ಅಧಿಕೃತ ಪ್ರಕಟಣೆ ಬಂತು. ಎದುರು ಕೂತು ಮಾತಾಡಿ ಮುಗಿಸಬೇಕಾದದ್ದನ್ನು ಮಾತಿಲ್ಲದೆ ಮುಗಿಸುವ ಅಭ್ಯಾಸ ಈ ಬ್ಯಾಂಡಿಗೆ ಅಂದೇ ಅಂಟಿತು. ಮುಂದಿನ ಒಡಕುಗಳಲ್ಲೆಲ್ಲ ಅದನ್ನೇ ಕಾಣುತ್ತೇವೆ.

ಸಿಡ್ ಹೋದ ಮೇಲೆ ಹೇಗೆ ಉಳಿದುಕೊಂಡರು?

ಹುಡುಕುತ್ತ ಉಳಿದುಕೊಂಡರು. ಸಿನಿಮಾಗಳಿಗೆ ಸಂಗೀತ ಕೊಟ್ಟರು, ವಾದ್ಯವೃಂದ ಸೇರಿಸಿ ನೋಡಿದರು, ಕೆಲವೆಡೆ ಎಡವಿದರು. ದಾರಿ ಸಿಕ್ಕಿದ್ದು 1971ರ 'ಮೆಡಲ್' ಆಲ್ಬಮ್‌ನ 'ಎಕೋಸ್' ಎಂಬ 23 ನಿಮಿಷದ ರಚನೆಯಲ್ಲಿ. ಅದು ರೈಟ್ ಪಿಯಾನೊದ ಒಂದೇ ಒಂದು ಸ್ವರದಿಂದ ಶುರುವಾಗುತ್ತದೆ. ತಿರುಗುವ ಸ್ಪೀಕರ್ ಒಂದರ ಮೂಲಕ ಹಾಯಿಸಿದ್ದರಿಂದ ಅದು ನೀರೊಳಗಿಂದ ಬಂದಂತೆ ಕೇಳಿಸುತ್ತದೆ. ಗಿಲ್ಮೋರ್ ಮತ್ತು ರೈಟ್ ಇಬ್ಬರೂ ಜೊತೆಯಾಗಿ ಹಾಡಿದ್ದಾರೆ, ಒಬ್ಬರ ದನಿ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾಂಪೆಯ ಪುರಾತನ ಬಯಲು ರಂಗಮಂದಿರದಲ್ಲಿ ಪ್ರೇಕ್ಷಕರೇ ಇಲ್ಲದೆ ನುಡಿಸಿದ್ದು ಚಿತ್ರೀಕರಣವಾಯಿತು. ನಾಲ್ವರು ಒಂದೇ ಮನಸ್ಸಿನಿಂದ ಕೆಲಸ ಮಾಡುವುದು ಹೇಗಿರುತ್ತದೆ ಎಂದು ನೋಡಬೇಕಾದವರು ಅದನ್ನು ನೋಡಬೇಕು.

'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಅಷ್ಟು ದೊಡ್ಡದಾಗಲು ಕಾರಣವೇನು?

1973ರ ಮಾರ್ಚ್‌ನಲ್ಲಿ ಬಂದ ಈ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ಹೊತ್ತಿಗೆ ಒಟ್ಟು 741 ವಾರ ಇತ್ತು. ಮೊದಲ ಸ್ಥಾನದಲ್ಲಿದ್ದದ್ದು ಒಂದೇ ವಾರ. ಒಮ್ಮೆಲೇ ಅಬ್ಬರಿಸಿ ಹೋಗದೆ ಮನೆಯಿಂದ ಮನೆಗೆ ದಾಟಿಕೊಂಡ ಸಂಗೀತವಿದು.

ಕಾರಣ ಹಲವು. ಮೊದಲನೆಯದು ವಿಷಯ. ಕಾಲ, ದುಡ್ಡು, ಸಾವು, ಜಗಳ, ಬುದ್ಧಿ ತಪ್ಪುವ ಭಯ, ಇವು ಯಾವ ದೇಶದವರಿಗೂ ಹೊಸದಲ್ಲ. ಇಡೀ ಆಲ್ಬಮ್‌ನ ಸಾಹಿತ್ಯವನ್ನು ವಾಟರ್ಸ್ ಒಬ್ಬರೇ ಬರೆದದ್ದು ಇದೇ ಮೊದಲು, ಅದೂ ನೇರವಾದ ಮಾತಿನಲ್ಲಿ. ಎರಡನೆಯದು, ಧ್ವನಿಮುದ್ರಣಕ್ಕೆ ಮೊದಲೇ ಒಂದು ವರ್ಷ ಇದನ್ನು ಜನರ ಮುಂದೆ ನುಡಿಸಿ ತಿದ್ದಿಕೊಂಡಿದ್ದರು. ಮೂರನೆಯದು ಅಬ್ಬಿ ರೋಡ್ ಸ್ಟುಡಿಯೋದಲ್ಲಿ ನಡೆದ ಕೆಲಸ. ನಾಣ್ಯ ಮತ್ತು ಕ್ಯಾಶ್ ರಿಜಿಸ್ಟರ್ ಸದ್ದಿನ ಟೇಪನ್ನು ತುಂಡು ಮಾಡಿ ಅಂಟಿಸಿ ಏಳು ಮಾತ್ರೆಯ ತಾಳಕ್ಕೆ ಕೂರಿಸಿದರು. ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದೇ ಗಡಿಯಾರದ ಗಂಟೆಯನ್ನು ದಾಖಲಿಸಿ ತಂದಿದ್ದರು. ವಾಟರ್ಸ್ ಚೀಟಿಗಳಲ್ಲಿ ಪ್ರಶ್ನೆ ಬರೆದು ಸ್ಟುಡಿಯೋದಲ್ಲಿ ಸಿಕ್ಕವರಿಗೆಲ್ಲ ಕೊಟ್ಟು ಉತ್ತರ ದಾಖಲಿಸಿಕೊಂಡರು. ಪಾಲ್ ಮೆಕಾರ್ಟ್ನಿ ಕೊಟ್ಟ ಉತ್ತರಗಳನ್ನು ಬಳಸಲಿಲ್ಲ. ಆಲ್ಬಮ್‌ನ ಕೊನೆಗೆ ಕೇಳುವ ಮಾತು ಅಲ್ಲಿನ ಬಾಗಿಲು ಕಾಯುತ್ತಿದ್ದ ಗೆರ್ರಿ ಓ'ಡ್ರಿಸ್ಕಲ್ ಅವರದು.

ಇನ್ನು ಹೆಚ್ಚಾಗಿ ಯಾರೂ ಹೇಳದ ಕಾರಣ ರೈಟ್. 'ಅಸ್ ಆ್ಯಂಡ್ ದೆಮ್' ಅವರು ಕೆಲವು ವರ್ಷ ಹಿಂದೆ ಆಂಟೋನಿಯೋನಿಯ ಸಿನಿಮಾಕ್ಕೆಂದು ಮಾಡಿದ್ದ ಪಿಯಾನೊ ತುಣುಕು, ನಿರ್ದೇಶಕರು ಬೇಡವೆಂದಿದ್ದರು. 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'ಯ ಪಿಯಾನೊ ಕೂಡ ಅವರದೇ. ಅದರ ಮೇಲೆ ಒಂದೂ ಪದವಿಲ್ಲದೆ ದನಿಯೆತ್ತಿ ಅತ್ತವರು ಕ್ಲೇರ್ ಟೋರಿ. ಭಾನುವಾರದ ಕೆಲಸಕ್ಕೆ ಆಕೆಗೆ ಅಂದು ಸಿಕ್ಕಿದ್ದು 30 ಪೌಂಡ್. 2004ರಲ್ಲಿ ದಾವೆ ಹೂಡಿದರು, ಮರುವರ್ಷ ರಾಜಿಯಾಗಿ ರಚನೆಕಾರರ ಜಾಗದಲ್ಲಿ ರೈಟ್ ಜೊತೆ ಆಕೆಯ ಹೆಸರೂ ಸೇರಿತು. ಸೇರಲೇಬೇಕಿತ್ತು.

ಸಿಡ್ ಒಮ್ಮೆ ಸ್ಟುಡಿಯೋಗೆ ಬಂದಾಗ ಯಾರಿಗೂ ಗುರುತು ಸಿಗಲಿಲ್ಲವಂತೆ, ನಿಜವೇ?

ನಿಜ. 1975ರ ಜೂನ್, ಅಬ್ಬಿ ರೋಡ್. 'ವಿಶ್ ಯೂ ವರ್ ಹಿಯರ್' ಆಲ್ಬಮ್‌ನ ಕೆಲಸ ನಡೆದಿತ್ತು. ಅದರ ಮುಖ್ಯ ರಚನೆ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಸಿಡ್ ಕುರಿತದ್ದೇ. ದಪ್ಪಗಾಗಿ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ಒಬ್ಬರು ಒಳಗೆ ಬಂದು ನಿಂತರು. ಯಾರೋ ಸಿಬ್ಬಂದಿ ಇರಬೇಕು ಎಂದುಕೊಂಡರು. ಸಿಡ್ ಎಂದು ತಿಳಿದಾಗ ವಾಟರ್ಸ್ ಕಣ್ಣೀರು ಹಾಕಿದರು. ಆ ರಚನೆಯ ಕೊನೆಯಲ್ಲಿ 'ಸೀ ಎಮಿಲಿ ಪ್ಲೇ'ಯ ಒಂದು ಎಳೆಯನ್ನು ರೈಟ್ ಮೆಲ್ಲಗೆ ನುಡಿಸಿ ಮುಗಿಸುತ್ತಾರೆ. ಗಮನವಿಟ್ಟರೆ ಕೇಳುತ್ತದೆ.

ಬಿರುಕು ಬಿಟ್ಟದ್ದು ಯಾವಾಗ?

ಒಂದು ದಿನಾಂಕ ಹೇಳಲಾಗದು. 1977ರ 'ಆ್ಯನಿಮಲ್ಸ್' ಹೊತ್ತಿಗೆ ಅದು ಕಾಗದದ ಮೇಲೂ ಕಾಣುತ್ತದೆ: ರಚನೆಕಾರರ ಪಟ್ಟಿಯಲ್ಲಿ ರೈಟ್ ಹೆಸರು ಇಲ್ಲದ ಮೊದಲ ಆಲ್ಬಮ್ ಅದು. ಗಿಲ್ಮೋರ್ ಪಾಲಿರುವ 'ಡಾಗ್ಸ್' ಹೆಚ್ಚುಕಡಿಮೆ ರೆಕಾರ್ಡಿನ ಒಂದು ಪಕ್ಕವನ್ನೇ ತುಂಬುತ್ತದೆ, ಆದರೆ ಲೆಕ್ಕದಲ್ಲಿ ಒಂದೇ ಹಾಡು. ವಾಟರ್ಸ್ ಬರೆದ ಪುಟ್ಟ ಹಾಡೊಂದನ್ನು ಎರಡು ಭಾಗ ಮಾಡಿ ಆಲ್ಬಮ್‌ನ ಎರಡು ತುದಿಗೆ ಇಟ್ಟದ್ದರಿಂದ ಅದು ಎರಡು ಹಾಡಾಯಿತು. ರಾಯಲ್ಟಿ ಹಾಡಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತಿದ್ದುದರಿಂದ ಅಸಮಾಧಾನ ಹೊಗೆಯಾಡಿತು.

ಆ ವರ್ಷದ ಪ್ರವಾಸದಲ್ಲಿ ಭಾರಿ ಕ್ರೀಡಾಂಗಣಗಳು, ದೂರದಲ್ಲಿ ಕಿರುಚುವ ಜನ. ಜುಲೈ 6ರಂದು ಮಾಂಟ್ರಿಯಲ್‌ನಲ್ಲಿ ಮುಂದಿನ ಸಾಲಿನ ಅಭಿಮಾನಿಯೊಬ್ಬನ ಮೇಲೆ ವಾಟರ್ಸ್ ಉಗುಳಿದರು. ತಾನು ಹೀಗೆ ಮಾಡಿದೆನೇ ಎಂಬ ದಿಗಿಲೇ ಅವರಲ್ಲಿ ತನಗೂ ಕೇಳುಗರಿಗೂ ನಡುವೆ ಎದ್ದ ಗೋಡೆಯ ಕಲ್ಪನೆ ಮೂಡಿಸಿತು. ಅದೇ ಮುಂದೆ 'ದಿ ವಾಲ್' (ಗೋಡೆ) ಆಲ್ಬಮ್ ಆಯಿತು.

'ದಿ ವಾಲ್'ನ ಆ ಮಕ್ಕಳ ಹಾಡಿನಲ್ಲಿ ಹಾಡಿದವರು ಯಾರು?

ಉತ್ತರ ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ವಿದ್ಯಾರ್ಥಿಗಳು. 1979ರ ಕ್ರಿಸ್ಮಸ್‌ಗೆ 'ಅನದರ್ ಬ್ರಿಕ್ ಇನ್ ದಿ ವಾಲ್'ನ ಎರಡನೇ ಭಾಗ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು. ವರ್ಣಭೇದ ನೀತಿಯ ಕಾಲದ ದಕ್ಷಿಣ ಆಫ್ರಿಕದಲ್ಲಿ ಶಾಲೆ ಬಹಿಷ್ಕರಿಸಿದ ಕರಿಯ ವಿದ್ಯಾರ್ಥಿಗಳು ಅದನ್ನು ಹಾಡತೊಡಗಿದ್ದರಿಂದ 1980ರಲ್ಲಿ ಅಲ್ಲಿನ ಸರ್ಕಾರ ನಿಷೇಧಿಸಿತು.

ರಿಕ್ ರೈಟ್ ಅವರನ್ನು ಅವರದೇ ಬ್ಯಾಂಡಿನಿಂದ ತೆಗೆದುಹಾಕಿದ್ದು ನಿಜವೇ?

ನಿಜ. ಕಥೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಭಾಗವೂ ಇದೇ.

ಹಣ ಹೂಡಿಕೆಗೆ ನಂಬಿದ್ದ ಸಂಸ್ಥೆ ಮುಳುಗಿ ಬ್ಯಾಂಡ್ ದೊಡ್ಡ ನಷ್ಟಕ್ಕೆ ಸಿಕ್ಕಿತ್ತು. ತೆರಿಗೆ ತಪ್ಪಿಸಿಕೊಳ್ಳಲು ಬ್ರಿಟನ್ ಬಿಟ್ಟು ಫ್ರಾನ್ಸ್‌ನಲ್ಲಿ 'ದಿ ವಾಲ್' ಧ್ವನಿಮುದ್ರಣ ನಡೆಸಿದರು. ಕಥೆ, ಸಾಹಿತ್ಯ, ಬಹುಪಾಲು ರಾಗ ಎಲ್ಲ ವಾಟರ್ಸ್ ಅವರದು. ರೈಟ್ ಅವರ ಸಂಸಾರ ಮುರಿಯುತ್ತಿದ್ದ ಹೊತ್ತು ಅದು. ಮನಸ್ಸು ಕುಗ್ಗಿತ್ತು, ಸ್ಟುಡಿಯೋದಲ್ಲಿ ಅವರಿಂದ ಹೆಚ್ಚೇನೂ ಬರುತ್ತಿರಲಿಲ್ಲ. ಕಂಪನಿ ಆಲ್ಬಮ್ ಬೇಗ ಬೇಕೆಂದು ಅವಸರ ಮಾಡಿದಾಗ, ಗ್ರೀಸ್‌ನಲ್ಲಿ ಮಕ್ಕಳ ಜೊತೆ ರಜೆಯಲ್ಲಿದ್ದ ರೈಟ್ ಅವರಿಗೆ ಹತ್ತು ದಿನ ಮೊದಲೇ ಬರಲು ಹೇಳಿ ಕಳುಹಿಸಿದರು. ಅವರು ಒಪ್ಪಲಿಲ್ಲ. ಆಲ್ಬಮ್ ಮುಗಿದ ಕೂಡಲೇ ರೈಟ್ ಹೊರಡಬೇಕು, ಇಲ್ಲದಿದ್ದರೆ ಈ ಆಲ್ಬಮ್ಮೇ ಇಲ್ಲ ಎಂದು ವಾಟರ್ಸ್ ಪಟ್ಟು ಹಿಡಿದರು. ಕೈಯಲ್ಲಿ ಸಾಲ, ಎದುರಿಗೆ ಮುಗಿಯದ ಆಲ್ಬಮ್. ಉಳಿದಿಬ್ಬರಿಂದ ಅದನ್ನು ತಡೆಯಲಾಗಲಿಲ್ಲ. ತಡೆಯಬೇಕಿತ್ತು ಎಂದೇ ನನ್ನ ಅಭಿಪ್ರಾಯ.

1980–81ರ 'ದಿ ವಾಲ್' ಕಾರ್ಯಕ್ರಮಗಳಲ್ಲಿ ರೈಟ್ ಸಂಬಳಕ್ಕೆ ನುಡಿಸಿದರು. ವೇದಿಕೆಯ ಮೇಲೆ ರಟ್ಟಿನ ಇಟ್ಟಿಗೆಗಳ ಭಾರಿ ಗೋಡೆ ಕಟ್ಟಿ ಕೆಡವುವ ಆ ಪ್ರದರ್ಶನಕ್ಕೆ ಎಷ್ಟು ಖರ್ಚಾಯಿತೆಂದರೆ ಪಾಲುದಾರರಾಗಿದ್ದ ಮೂವರೂ ನಷ್ಟ ಅನುಭವಿಸಿದರು. ದುಡ್ಡು ಕೈಗೆ ಬಂದದ್ದು ಸಂಬಳದವರಾದ ರೈಟ್ ಒಬ್ಬರಿಗೇ. ಅವರನ್ನು ತೆಗೆದ ವಿಷಯವನ್ನು ಅಭಿಮಾನಿಗಳಿಗೆ ಆಗ ಯಾರೂ ಹೇಳಲಿಲ್ಲ.

ವಾಟರ್ಸ್ ಬಿಟ್ಟುಹೋದದ್ದು ಹೇಗೆ? ಕೋರ್ಟಿನಲ್ಲಿ ಗೆದ್ದವರು ಯಾರು?

1983ರ 'ದಿ ಫೈನಲ್ ಕಟ್' ಹೆಸರಿಗೆ ಪಿಂಕ್ ಫ್ಲಾಯ್ಡ್, ಒಳಗೆಲ್ಲ ವಾಟರ್ಸ್. ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆ್ಯಂಜಿಯೊದಲ್ಲಿ 1944ರಲ್ಲಿ ತೀರಿಕೊಂಡಾಗ ಮಗುವಿಗೆ ಐದು ತಿಂಗಳು. ಆ ಗಾಯ, ಫಾಕ್‌ಲ್ಯಾಂಡ್ ಯುದ್ಧದ ಮೇಲಿನ ಸಿಟ್ಟು ಎರಡೂ ಸೇರಿ ಬಂದ ಆಲ್ಬಮ್ ಅದು. ರೈಟ್ ಇರಲಿಲ್ಲ. 1985ರ ಡಿಸೆಂಬರ್‌ನಲ್ಲಿ ವಾಟರ್ಸ್ ಹೊರಬಂದರು. ತಾವಿಲ್ಲದೆ ಬ್ಯಾಂಡ್ ಇಲ್ಲ ಎಂಬುದು ಅವರ ಎಣಿಕೆ. ಗಿಲ್ಮೋರ್ ಮತ್ತು ಮೇಸನ್ ಮುಂದುವರಿಸುತ್ತೇವೆ ಎಂದಾಗ 1986ರಲ್ಲಿ ವಾಟರ್ಸ್ ಹೈಕೋರ್ಟಿಗೆ ಹೋದರು.

ತೀರ್ಪು ಬರಲಿಲ್ಲ. 1987ರ ಕ್ರಿಸ್ಮಸ್ ಹೊತ್ತಿಗೆ, ಥೇಮ್ಸ್ ನದಿಯಲ್ಲಿ ಗಿಲ್ಮೋರ್ ಅವರ ಸ್ಟುಡಿಯೋ ಆಗಿದ್ದ 'ಆಸ್ಟೋರಿಯಾ' ದೋಣಿಮನೆಯಲ್ಲಿ ರಾಜಿಯಾಯಿತು. ಹೆಸರು ಇಬ್ಬರಿಗೆ ಉಳಿಯಿತು, 'ದಿ ವಾಲ್'ನ ಪ್ರದರ್ಶನದ ಹಕ್ಕು ವಾಟರ್ಸ್‌ಗೆ ಹೋಯಿತು. ಆ ದಾವೆ ಹೂಡಿದ್ದು ತಮ್ಮ ತಪ್ಪು ಎಂದು 2013ರಲ್ಲಿ ಬಿಬಿಸಿ ಸಂದರ್ಶನದಲ್ಲಿ ವಾಟರ್ಸ್ ಒಪ್ಪಿಕೊಂಡರು.

ವಾಟರ್ಸ್ ಇಲ್ಲದ್ದನ್ನು ಪಿಂಕ್ ಫ್ಲಾಯ್ಡ್ ಎನ್ನಬಹುದೇ?

1987ರ ಆಲ್ಬಮ್ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಗಿಲ್ಮೋರ್ ಜೊತೆ ಬಾಡಿಗೆ ವಾದಕರು ಬಹಳ ಜನ, ರೈಟ್ ಮತ್ತೆ ಬಂದರೂ ಸಂಬಳದವರೇ. 1994ರ 'ದಿ ಡಿವಿಷನ್ ಬೆಲ್' ಬೇರೆ. ಗಿಲ್ಮೋರ್, ಮೇಸನ್, ರೈಟ್ ಒಂದೇ ಕೋಣೆಯಲ್ಲಿ ಕೂತು ನುಡಿಸುತ್ತ ನುಡಿಸುತ್ತ ಅದರ ಬಹುಭಾಗ ಹುಟ್ಟಿತು. ರೈಟ್ ಮತ್ತೆ ಹಾಡು ಕಟ್ಟಿದರು, ತಾವೇ ಹಾಡಿದರು. ಹಾಗಾಗಿ 1994ರದನ್ನು ಹೌದು ಎನ್ನುತ್ತೇನೆ. ಅದೇ ರೀತಿ 'ದಿ ಫೈನಲ್ ಕಟ್' ಅನ್ನು ವಾಟರ್ಸ್ ಹೆಸರಿನಲ್ಲೇ ಇಟ್ಟುಕೊಂಡು ಕೇಳುತ್ತೇನೆ, ಪ್ರೀತಿಯಿಂದಲೇ.

2005ರಲ್ಲಿ ನಾಲ್ವರು ಮತ್ತೆ ಸೇರಿದ್ದು ಹೇಗೆ ಸಾಧ್ಯವಾಯಿತು?

ಬಾಬ್ ಗೆಲ್ಡಾಫ್ ಅವರಿಂದ. 1982ರ 'ದಿ ವಾಲ್' ಸಿನಿಮಾದಲ್ಲಿ ನಾಯಕನ ಪಾತ್ರ ಮಾಡಿದ್ದವರೂ ಅವರೇ. ಆಫ್ರಿಕದ ಬಡ ದೇಶಗಳ ಸಾಲ ಮನ್ನಾ ಆಗಲಿ, ನೆರವು ಹೆಚ್ಚಲಿ ಎಂದು ಜಿ8 ಎಂಬ ಎಂಟು ಪ್ರಬಲ ದೇಶಗಳ ಕೂಟದ ನಾಯಕರ ಮೇಲೆ ಒತ್ತಡ ತರಲು ಲೈವ್ 8 ಕಛೇರಿಗಳನ್ನು ಏರ್ಪಡಿಸಿದ್ದರು. ಮೊದಲು ಗಿಲ್ಮೋರ್ ಅವರನ್ನು ಕೇಳಿದರು, ಅವರು ಆಗದೆಂದರು. ಗೆಲ್ಡಾಫ್ ಮೇಸನ್ ಅವರನ್ನು ಹಿಡಿದರು. ಮೇಸನ್ ಮತ್ತು ವಾಟರ್ಸ್ ನಡುವೆ ಅಷ್ಟರಲ್ಲಿ ಹಳೆಯ ಸ್ನೇಹ ಚಿಗುರಿತ್ತು, 2002ರಲ್ಲಿ ವೆಂಬ್ಲಿಯಲ್ಲಿ ವಾಟರ್ಸ್ ವೇದಿಕೆಯ ಮೇಲೆ ಮೇಸನ್ ಡ್ರಮ್ಸ್ ನುಡಿಸಿದ್ದರು. ವಿಷಯ ತಿಳಿದ ವಾಟರ್ಸ್ ತಾವೇ ಗಿಲ್ಮೋರ್‌ಗೆ ಫೋನ್ ಮಾಡಿದರು. ಗಿಲ್ಮೋರ್ ಒಂದು ದಿನ ಯೋಚಿಸಿ ಒಪ್ಪಿದರು.

ತಾಲೀಮಿನಲ್ಲಿ ಭಿನ್ನಾಭಿಪ್ರಾಯ ಬಂದೇ ಬಂತು. ವಾಟರ್ಸ್ 'ಅನದರ್ ಬ್ರಿಕ್' ಬೇಕೆಂದರು. ಶಿಕ್ಷಣ ಬೇಡ ಎನ್ನುವ ಹಾಡು ಆಫ್ರಿಕದ ಮಕ್ಕಳಿಗಾಗಿ ಮಾಡುವ ಕಾರ್ಯಕ್ರಮಕ್ಕೆ ಹೊಂದದು ಎಂದರು ಗಿಲ್ಮೋರ್. ಈ ಸಲ ವಾಟರ್ಸ್ ಬಿಟ್ಟುಕೊಟ್ಟರು.

ಜುಲೈ 2, ಲಂಡನ್ನಿನ ಹೈಡ್ ಪಾರ್ಕ್. 1981ರ ಬಳಿಕ ನಾಲ್ವರೂ ಒಂದೇ ವೇದಿಕೆಯಲ್ಲಿ. 'ಬ್ರೀದ್', 'ಮನಿ', 'ವಿಶ್ ಯೂ ವರ್ ಹಿಯರ್', 'ಕಂಫರ್ಟಬ್ಲಿ ನಂಬ್'. 1973ರಲ್ಲಿ 'ಮನಿ'ಗೆ ಸ್ಯಾಕ್ಸಫೋನ್ ನುಡಿಸಿದ್ದ ಡಿಕ್ ಪ್ಯಾರಿ ಅಂದೂ ಬಂದಿದ್ದರು. ಇಲ್ಲಿ ಇಲ್ಲದವರಿಗಾಗಿ, ಮುಖ್ಯವಾಗಿ ಸಿಡ್‌ಗಾಗಿ ಇದನ್ನು ಹಾಡುತ್ತಿದ್ದೇವೆ ಎಂದು ವಾಟರ್ಸ್ ಹೇಳಿ 'ವಿಶ್ ಯೂ ವರ್ ಹಿಯರ್' ಎತ್ತಿಕೊಂಡರು. ಅರ್ಧ ಗಂಟೆಯೂ ಇಲ್ಲ, ಮುಗಿಯಿತು. ಗಿಲ್ಮೋರ್ ಹೊರಡಲು ತಿರುಗಿದಾಗ ವಾಟರ್ಸ್ ಕೈಚಾಚಿ ಕರೆದು ನಾಲ್ವರನ್ನೂ ತಬ್ಬಿಕೊಳ್ಳುವಂತೆ ಮಾಡಿದರು. ಎಲ್ಲರೂ ಆ ಅಪ್ಪುಗೆಯ ಚಿತ್ರ ನೋಡಿರುತ್ತಾರೆ. ನನಗೆ ಹೆಚ್ಚು ಮುಖ್ಯವಾದದ್ದು ಅದಕ್ಕೆ ಮುಂಚಿನದು: ಒಂದು ಕಾಲಕ್ಕೆ ಹೊರಹಾಕಿದವರೂ ಹೊರಬಿದ್ದವರೂ ಒಂದೇ ಲಯದಲ್ಲಿ, ರೈಟ್ ಹಾಸಿದ ಸ್ವರಗಳ ಮೇಲೆ ನಿಂತು ನುಡಿಸಿದರು.

ಆಮೇಲೆ ಯಾಕೆ ಪ್ರವಾಸ ಮಾಡಲಿಲ್ಲ?

ಭಾರಿ ಮೊತ್ತದ ಆಹ್ವಾನಗಳು ಬಂದವು. ಗಿಲ್ಮೋರ್‌ಗೆ ಮನಸ್ಸಿರಲಿಲ್ಲ. ಲೈವ್ 8 ಕಾರಣ ಆಲ್ಬಮ್‌ಗಳ ಮಾರಾಟ ಏರಿದಾಗ, ಆ ಲಾಭವನ್ನು ದಾನಕ್ಕೆ ಕೊಡಬೇಕೆಂದು ಅವರು ಬಹಿರಂಗವಾಗಿ ಹೇಳಿದರು. 2006ರ ಜುಲೈ 7ರಂದು ಸಿಡ್ ಕೇಂಬ್ರಿಜ್‌ನಲ್ಲಿ ತೀರಿಕೊಂಡರು, 60 ವರ್ಷ. ಮರುವರ್ಷ ಮೇನಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ಅವರ ನೆನಪಿನ ಕಾರ್ಯಕ್ರಮಕ್ಕೆ ನಾಲ್ವರೂ ಬಂದರು. ವಾಟರ್ಸ್ ಬೇರೆಯಾಗಿ ಹಾಡಿದರು, ಮಿಕ್ಕ ಮೂವರು ಬೇರೆಯಾಗಿ. 2008ರ ಸೆಪ್ಟೆಂಬರ್ 15ರಂದು ರೈಟ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಜಾಗ ತುಂಬಬಲ್ಲವರು ಯಾರೂ ಇಲ್ಲ ಎಂದು ಗಿಲ್ಮೋರ್ ಬರೆದರು.

ಇವರು ಬೆಂಗಳೂರಿಗೆ ಬಂದಿದ್ದರೇ?

ಪಿಂಕ್ ಫ್ಲಾಯ್ಡ್ ಆಗಿ ಎಂದೂ ಭಾರತಕ್ಕೆ ಬರಲಿಲ್ಲ. ವಾಟರ್ಸ್ ತಮ್ಮ ತಂಡದೊಡನೆ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು, 2007ರಲ್ಲಿ ಮುಂಬೈಗೆ ಬಂದರು. ಎಂಜಿನಿಯರಿಂಗ್ ಹಾಸ್ಟೆಲ್ಲುಗಳಲ್ಲಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಬ್ರಿಗೇಡ್ ರಸ್ತೆ ಸುತ್ತಿನ ಪಬ್ಬುಗಳಲ್ಲಿ ಕೇಳುತ್ತ ಬೆಳೆದ ಒಂದು ತಲೆಮಾರಿಗೆ ಆ ಸಂಜೆ ದೊಡ್ಡದು.

ವಾಟರ್ಸ್, ಗಿಲ್ಮೋರ್ ಮತ್ತೆ ಒಟ್ಟಿಗೆ ನುಡಿಸುತ್ತಾರೆಯೇ?

2011ರ ಮೇ 12ರಂದು ಲಂಡನ್ನಿನ ಒ2 ಸಭಾಂಗಣದಲ್ಲಿ ವಾಟರ್ಸ್ ನಡೆಸುತ್ತಿದ್ದ 'ದಿ ವಾಲ್' ಪ್ರದರ್ಶನಕ್ಕೆ ಗಿಲ್ಮೋರ್ ಬಂದು ಗೋಡೆಯ ಮೇಲೆ ನಿಂತು 'ಕಂಫರ್ಟಬ್ಲಿ ನಂಬ್' ನುಡಿಸಿದರು, ಕೊನೆಗೆ ಮೇಸನ್ ಕೂಡ ಸೇರಿದರು. ಅದಾದ ಮೇಲೆ ಸಂಬಂಧ ಹಳಸಿತು. 2022ರಲ್ಲಿ ಉಕ್ರೇನ್ ಬೆಂಬಲಿಸಿ ಗಿಲ್ಮೋರ್, ಮೇಸನ್ ಒಂದು ಹಾಡು ತಂದರು, ಕೀಬೋರ್ಡ್ ನುಡಿಸಿದವರು ನಿತಿನ್ ಸಾಹ್ನಿ. ಯುದ್ಧ ಕುರಿತ ವಾಟರ್ಸ್ ಹೇಳಿಕೆಗಳು ಬೇರೆ ದಿಕ್ಕಿನವು. 2023ರಲ್ಲಿ ಜಗಳ ಸಾರ್ವಜನಿಕವಾಗಿ, ಕಟುವಾಗಿ ಬೀದಿಗೆ ಬಂತು. 2024ರಲ್ಲಿ ಧ್ವನಿಮುದ್ರಣಗಳ ಹಕ್ಕನ್ನು ಸೋನಿಗೆ ಮಾರಿದರು. ವೇದಿಕೆಯಲ್ಲಿ ಮತ್ತೆ ಸೇರುವ ಸೂಚನೆ ನನಗೆ ಕಾಣುವುದಿಲ್ಲ. ರೈಟ್ ಇಲ್ಲದೆ ಸೇರಿದರೂ ಅದು 2005ರದಾಗದು.

ಹೊಸಬರು ಯಾವುದರಿಂದ ಕೇಳಲು ಶುರುಮಾಡಬೇಕು?

'ವಿಶ್ ಯೂ ವರ್ ಹಿಯರ್', ಪೂರ್ತಿ, ಮೊದಲಿನಿಂದ. ಬಿಡಿ ಹಾಡು ಆರಿಸಬೇಡಿ. ಆಮೇಲೆ 'ಡಾರ್ಕ್ ಸೈಡ್', ಅದಾದ ಮೇಲೆ 'ಎಕೋಸ್'. ಇವು ಒಳಗಿಳಿದ ಮೇಲೆ 'ದಿ ವಾಲ್' ಎತ್ತಿಕೊಳ್ಳಿ. 2014ರ 'ದಿ ಎಂಡ್‌ಲೆಸ್ ರಿವರ್' ಅನ್ನು ಕೊನೆಗೆ ಇಟ್ಟುಕೊಳ್ಳಿ. 'ಡಿವಿಷನ್ ಬೆಲ್' ಕಾಲದಲ್ಲಿ ಉಳಿದಿದ್ದ ರೈಟ್ ನುಡಿಸಾಣಿಕೆಯನ್ನು ಗಿಲ್ಮೋರ್, ಮೇಸನ್ ಹೊಸದಾಗಿ ಕಟ್ಟಿದ್ದು ಅದು, ಹೆಚ್ಚಿನದರಲ್ಲಿ ಮಾತಿಲ್ಲ. ಹೆಡ್‌ಫೋನ್ ಹಾಕಿಕೊಂಡು ಗಿಟಾರನ್ನು ಬಿಟ್ಟು ಕೀಬೋರ್ಡನ್ನೇ ಹಿಂಬಾಲಿಸಿ.